‘ತೃಪ್ತಿ’ಯನ್ನು ತಪ್ಪಿಲ್ಲದೆ ಬರೆಯುವುದು ಹೇಗೆ? ಹಂತ ಹಂತವಾದ ಸಮಗ್ರ ಮಾರ್ಗದರ್ಶಿ

‘ನಾನು ತೃಪ್ತಿಯಾದೆ’ ಎಂದು ಬರೆದವರಿಗೆ ಅದು ತಪ್ಪು ಎಂದು ಹೇಳಿದರೆ, ಮುಂದಿನ ಸಲ ‘ನಾನು ತೃಪ್ತಿಕರನಾದೆ’ ಎಂದು ಬರೆದು ತರುತ್ತಾರೆ. ಅದನ್ನೂ ಹೊಡೆದು ಹಾಕಿದರೆ ‘ಸಂಪೂರ್ಣ ಸಂತೃಪ್ತಿ ಹೊಂದಿದೆ’ ಎಂದು ಇನ್ನಷ್ಟು ತೂಕದ ಪದ ತರುತ್ತಾರೆ. ಹೋಟೆಲಿನ ಅಭಿಪ್ರಾಯ ಪುಸ್ತಕ, ಬ್ಯಾಂಕಿನ ಮೆಸೇಜು, ಆಪ್‌ಗಳ ಕನ್ನಡ, ಶಾಲೆಯ ಪ್ರಬಂಧ, ಎಲ್ಲ ಕಡೆಯೂ ಇದೇ ಕಥೆ.

ಇದು ವ್ಯಾಕರಣ ಗೊತ್ತಿಲ್ಲದ್ದರಿಂದ ಆಗುವ ತಪ್ಪಲ್ಲ. ಮನೆಯಲ್ಲಿ ಮಾತಾಡುವಾಗ ಇದೇ ಜನ ‘ತೃಪ್ತಿಯಾಯ್ತು ಕಣ್ರೀ’ ಎಂದು ಸರಿಯಾಗಿಯೇ ಹೇಳುತ್ತಾರೆ. ಬರೆಯಲು ಕೂತಾಗ ಮಾತ್ರ ಕೆಲಸದ ಕ್ರಮ ತಲೆಕೆಳಗಾಗುತ್ತದೆ. ಮೊದಲು ಕಾಗುಣಿತ, ಆಮೇಲೆ ಪ್ರತ್ಯಯ, ಅರ್ಥದ ಯೋಚನೆ ಎಲ್ಲಕ್ಕಿಂತ ಕೊನೆಗೆ. ಇಲ್ಲಿ ಅದನ್ನು ತಿರುಗಿಸಿ ಇಟ್ಟಿದ್ದೇನೆ. ಹಂತಗಳನ್ನು ಕೊಟ್ಟ ಕ್ರಮದಲ್ಲೇ ಮಾಡಿ. ಒಂದನೆಯದನ್ನು ಬಿಟ್ಟು ಮೂರನೆಯದಕ್ಕೆ ಹಾರಿದರೆ ಮತ್ತೆ ಅಲ್ಲೇ ಜಾರುತ್ತೀರಿ.

ಬೇಕಾಗುವ ಸಾಮಾನು

ಒಂದು ಕನ್ನಡ-ಕನ್ನಡ ನಿಘಂಟು ಬೇಕು. ಅಚ್ಚಾದದ್ದಾದರೂ ಸರಿ, ಅಂತರ್ಜಾಲದ್ದಾದರೂ ಸರಿ. ಬರೀ ಇಂಗ್ಲಿಷ್-ಕನ್ನಡ ನಿಘಂಟು ಸಾಲದು. ಅದು ತೃಪ್ತಿ, ಸಮಾಧಾನ, ಸಂತೋಷ, ನೆಮ್ಮದಿ ಎಂದು ನಾಲ್ಕನ್ನೂ ಒಂದೇ ಸಾಲಿನಲ್ಲಿ ಇಟ್ಟುಬಿಡುತ್ತದೆ. ನೀವು ಮೊದಲನೆಯದನ್ನು ಎತ್ತಿಕೊಳ್ಳುತ್ತೀರಿ. ಅರ್ಧ ತೊಂದರೆ ಶುರುವಾಗುವುದೇ ಅಲ್ಲಿ.

ಎರಡನೆಯದು, ವಟ್ರಸುಳಿ ಸರಿಯಾಗಿ ಮೂಡುವ ಕೀಬೋರ್ಡ್. ಮೂರನೆಯದು ನಿಮ್ಮ ಕಿವಿ. ಬರೆದ ವಾಕ್ಯವನ್ನು ಒಮ್ಮೆ ಗಟ್ಟಿಯಾಗಿ ಓದಲೇಬೇಕು.

ಹಂತ 1: ಏನು ತುಂಬಿತು ಎಂದು ಮೊದಲು ಕೇಳಿಕೊಳ್ಳಿ

ಮದುವೆ ಮನೆಯ ಪಂಕ್ತಿ ನೆನಪಿಸಿಕೊಳ್ಳಿ. ಹೋಳಿಗೆ ಎರಡನೇ ಸಲ ಬಂದಾಗ ಎಲೆಯ ಮೇಲೆ ಜಾಗ ಮಾಡುತ್ತೀರಿ. ಮೂರನೇ ಸಲ ಬಂದಾಗ ಎರಡೂ ಕೈ ಎಲೆಗೆ ಅಡ್ಡ ಹಿಡಿದು ‘ಸಾಕು, ತೃಪ್ತಿಯಾಯ್ತು’ ಎನ್ನುತ್ತೀರಿ. ಬಡಿಸುವವರು ಬಿಡುವುದಿಲ್ಲ, ಅದು ಬೇರೆ ಮಾತು. ಆ ಅಡ್ಡ ಹಿಡಿದ ಕೈಯಲ್ಲೇ ಈ ಪದದ ಅರ್ಥವಿದೆ. ಒಂದು ಹಸಿವಿತ್ತು, ಅದು ತುಂಬಿತು, ಇನ್ನು ಬೇಡ.

ಹಾಗಾಗಿ ಬರೆಯುವ ಮೊದಲು ಒಂದೇ ಪ್ರಶ್ನೆ: ಇಲ್ಲಿ ಇದ್ದ ಬಯಕೆ ಯಾವುದು? ಅದು ತುಂಬಿತೇ? ವಾಕ್ಯದ ಕೊನೆಗೆ ಮನಸ್ಸಿನಲ್ಲೇ ‘ಇನ್ನು ಸಾಕು’ ಎಂದು ಸೇರಿಸಿ ನೋಡಿ. ಹೊಂದಿದರೆ ತೃಪ್ತಿ ಎಂದೇ ಬರೆಯಿರಿ. ಹೊಂದದಿದ್ದರೆ ನಿಮಗೆ ಬೇಕಾದದ್ದು ಬೇರೆ ಪದ.

ಯಾವ ಪದ? ಬಹಳ ಸಲ ಅದು ‘ಸಮಾಧಾನ’. ಸ್ಕ್ಯಾನಿಂಗ್ ವರದಿ ನೋಡಿ ಡಾಕ್ಟರು ‘ಏನೂ ತೊಂದರೆಯಿಲ್ಲ’ ಎಂದರು. ಆಗ ಆಗುವುದು ಸಮಾಧಾನ. ಅಲ್ಲಿ ಇದ್ದದ್ದು ಬಯಕೆಯಲ್ಲ, ಆತಂಕ. ಆತಂಕ ಇಳಿದರೆ ಸಮಾಧಾನ, ಬಯಕೆ ತುಂಬಿದರೆ ತೃಪ್ತಿ. ಈ ಒಂದು ಗೆರೆ ಹಾಕಿಕೊಂಡರೆ ಅರ್ಧ ತಪ್ಪು ಕಡಿಮೆಯಾಗುತ್ತದೆ.

ಮನೆ ಸಾಲ ತೀರಿತು, ಇನ್ನು ತಿಂಗಳ ಮೊದಲ ವಾರ ಎದೆ ಹೊಡೆದುಕೊಳ್ಳುವುದಿಲ್ಲ ಎಂದರೆ ಅದು ‘ನೆಮ್ಮದಿ’. ಒಂದು ಕ್ಷಣದಲ್ಲಿ ಆಗಿ ಮುಗಿಯುವುದಲ್ಲ, ದಿನವೂ ಇರುವ ಸ್ಥಿತಿ. ಊರಿಂದ ಅಣ್ಣ ಹೇಳದೆ ಕೇಳದೆ ಬಂದಿಳಿದರೆ ‘ಸಂತೋಷ’, ‘ಖುಷಿ’. ಅಲ್ಲಿ ಮೊದಲೇ ಇದ್ದ ಬಯಕೆ ಬೇಕಾಗಿಯೇ ಇಲ್ಲ. ಹಿಂದಿರುಗಿ ನೋಡಿ ಇಡೀ ದುಡಿಮೆಯ ಲೆಕ್ಕ ಹಾಕುವಾಗ ‘ಸಾರ್ಥಕ’ ಬರುತ್ತದೆ. ಪಾಠ ಮಾಡಿದ ಮೇಷ್ಟ್ರು ತಮ್ಮ ಶಿಷ್ಯ ಅದೇ ಶಾಲೆಗೆ ಮುಖ್ಯೋಪಾಧ್ಯಾಯನಾಗಿ ಬಂದದ್ದು ಕಂಡು ‘ತೃಪ್ತಿಯಾಯಿತು’ ಎನ್ನಬಹುದು, ‘ಸಾರ್ಥಕವಾಯಿತು’ ಎಂದೂ ಅನ್ನಬಹುದು. ಮೊದಲನೆಯದು ಅವರ ಮನಸ್ಸಿಗೆ ಸೇರಿದ್ದು, ಎರಡನೆಯದು ಅವರು ಮಾಡಿದ ಕೆಲಸಕ್ಕೆ.

ಇಲ್ಲಿ ಇನ್ನೊಂದು ಗೊಂದಲವಿದೆ: ಸಂತೃಪ್ತ ಮತ್ತು ಸಂತುಷ್ಟ. ನೋಡಲು ಅಕ್ಕತಂಗಿಯರು, ಹುಟ್ಟಿದ ಮನೆ ಬೇರೆ. ತೃಪ್ತಿ, ತೃಪ್ತ, ಸಂತೃಪ್ತ, ತರ್ಪಣ ಇವೆಲ್ಲ ‘ತೃಪ್’ ಎಂಬ ಸಂಸ್ಕೃತ ಧಾತುವಿನಿಂದ ಬಂದವು. ತುಷ್ಟಿ, ಸಂತುಷ್ಟ, ಸಂತೋಷ ಇವು ‘ತುಷ್’ ಎಂಬ ಧಾತುವಿನವು. ಸಂತುಷ್ಟ ಎಂದಾಗ ಸಂತೋಷದ ಕಡೆಗೆ ವಾಲುತ್ತದೆ, ಸಂತೃಪ್ತ ಎಂದಾಗ ತುಂಬಿದ್ದರ ಕಡೆಗೆ. ಎರಡನ್ನೂ ಬೆರೆಸಿ ‘ಸಂತೃಷ್ಟ’ ಎಂದು ಬರೆದದ್ದನ್ನೂ ಕಂಡಿದ್ದೇನೆ. ಅಂಥ ಪದವಿಲ್ಲ. ‘ತೃಷೆ’ಯಂತೂ ಪೂರಾ ಎದುರು ದಿಕ್ಕಿನದು. ಅದು ಬಾಯಾರಿಕೆ.

ಎಚ್ಚರಿಕೆಯ ಗುರುತು: ನಿಮ್ಮ ವಾಕ್ಯದಲ್ಲಿ ‘ತೃಪ್ತಿ’ ತೆಗೆದು ‘ಖುಷಿ’ ಹಾಕಿದರೂ ಏನೂ ಬದಲಾಗದಿದ್ದರೆ, ನೀವು ಹೇಳಬೇಕಾಗಿದ್ದದ್ದು ಖುಷಿಯನ್ನೇ. ಸುಮ್ನೆ ದೊಡ್ಡ ಪದ ಹುಡುಕಿದ್ದೀರಿ.

ಹಂತ 2: ಭಾವನೆಯೋ, ಮನುಷ್ಯನೋ, ವಸ್ತುವೋ?

ಒಂದೇ ಬೇರಿನ ಮೂರು ರೂಪಗಳಿವೆ. ಮೂರಕ್ಕೂ ಬೇರೆ ಬೇರೆ ಕೆಲಸ.

‘ತೃಪ್ತಿ’ ಎಂಬುದು ಭಾವನೆಯ ಹೆಸರು. ಅದು ಆಗುತ್ತದೆ, ಸಿಗುತ್ತದೆ, ಇರುತ್ತದೆ.

‘ತೃಪ್ತ’ ಎಂಬುದು ಆ ಭಾವನೆ ಉಳ್ಳವರು. ತೃಪ್ತನು, ತೃಪ್ತಳು, ತೃಪ್ತರು. ಶ್ರಾದ್ಧದ ಊಟ ಮುಗಿಯುವ ಹೊತ್ತಿಗೆ ಶ್ರಾದ್ಧ ಮಾಡುವವರು ‘ತೃಪ್ತಾಃ ಸ್ಥ?’ ಎಂದು ಕೇಳುವುದು, ಎಲೆಯ ಮುಂದೆ ಕೂತವರು ‘ತೃಪ್ತಾಃ ಸ್ಮಃ’ ಎನ್ನುವುದು ಕೆಲವರಿಗಾದರೂ ಗೊತ್ತಿರುತ್ತದೆ. ತೃಪ್ತರಾಗಿದ್ದೀರಾ, ತೃಪ್ತರಾಗಿದ್ದೇವೆ. ಕೇಳುವುದು ಜನರನ್ನು, ಪಾಯಸವನ್ನಲ್ಲ. ಇದು ನೆನಪಿದ್ದರೆ ‘ಊಟ ತೃಪ್ತವಾಗಿತ್ತು’ ಎಂದು ಬರೆಯುವುದಿಲ್ಲ. ಮನಸ್ಸು, ಬದುಕು, ಮುಖ, ನಗೆ ಇವಕ್ಕೆ ಮಾತ್ರ ರಿಯಾಯಿತಿ ಇದೆ. ತೃಪ್ತ ಮನಸ್ಸು, ಸಂತೃಪ್ತ ಬದುಕು ಸರಿಯಾದ ಬಳಕೆಗಳೇ.

‘ತೃಪ್ತಿಕರ’ ಎಂಬುದು ತೃಪ್ತಿ ಕೊಡುವ ವಸ್ತು ಅಥವಾ ಸಂಗತಿ. ಉತ್ತರ ತೃಪ್ತಿಕರ, ಫಲಿತಾಂಶ ತೃಪ್ತಿಕರ. ಮನುಷ್ಯರಿಗೆ ಅಂಟಿಸಿದರೆ ಅರ್ಥ ಕೆಡುತ್ತದೆ. ‘ನಮ್ಮ ತೃಪ್ತಿಕರ ಗ್ರಾಹಕರು’ ಎಂದು ಬರೆದ ಬೋರ್ಡು ಗ್ರಾಹಕರಿಗೇ ಪಾಸ್ ಮಾರ್ಕ್ ಕೊಟ್ಟ ಹಾಗೆ ಓದಿಸಿಕೊಳ್ಳುತ್ತದೆ. ‘ನಮ್ಮಲ್ಲಿಗೆ ಬಂದು ತೃಪ್ತರಾದ ಗ್ರಾಹಕರು’ ಎನ್ನಿ.

ಒಂದು ಸಣ್ಣ ಸಲಹೆ. ಯಾವ ರೂಪ ಎಂದು ಗೊತ್ತಾಗದಿದ್ದರೆ ಭಾವನೆಯ ರೂಪವನ್ನೇ ಹಿಡಿಯಿರಿ. ‘ನನಗೆ ತೃಪ್ತಿಯಾಯಿತು’ ಎಂಬುದು ಎಲ್ಲ ಕಡೆ ನಡೆಯುತ್ತದೆ. ‘ತೃಪ್ತನಾದೆ, ತೃಪ್ತಳಾದೆ’ ಎಂಬುದಕ್ಕೆ ಸ್ವಲ್ಪ ಪುಸ್ತಕದ ವಾಸನೆ ಇದೆ. ಆಪ್‌ಗಳಲ್ಲಿ ಅದರಿಂದ ಇನ್ನೊಂದು ತಲೆನೋವೂ ಇದೆ. ಓದುವವರು ಗಂಡಸೋ ಹೆಂಗಸೋ ಗೊತ್ತಿಲ್ಲದೆ ‘ತೃಪ್ತನು/ಳು’ ಎಂದು ಗೆರೆ ಎಳೆದು ಬರೆಯುತ್ತಾರೆ. ‘ನಿಮಗೆ ತೃಪ್ತಿಯಾಗಿದೆಯೇ?’ ಎಂದರೆ ಆ ಗೋಜೇ ಇಲ್ಲ.

ಹಂತ 3: ಯಾರಿಗೆ, ಯಾವುದರಿಂದ?

ತೃಪ್ತಿ ಆಗುವುದು ನನಗೆ. ‘ನಾನು ತೃಪ್ತಿಯಾದೆ’ ತಪ್ಪಾಗುವುದು ಇದಕ್ಕೇ. ಹಾಗೆಂದರೆ ನಾನೇ ಆ ಭಾವನೆಯಾಗಿ ಮಾರ್ಪಟ್ಟೆ ಎಂದಾಗುತ್ತದೆ. ಕನ್ನಡದಲ್ಲಿ ಹಸಿವು, ನಿದ್ದೆ, ಬೇಜಾರು, ಸಿಟ್ಟು ಎಲ್ಲವೂ ನಮಗೆ ಆಗುತ್ತವೆ, ಬರುತ್ತವೆ. ‘ನಾನು ಹಸಿವಾದೆ’ ಎಂದು ಯಾರೂ ಬರೆಯುವುದಿಲ್ಲ ಅಲ್ವಾ? ತೃಪ್ತಿಯೂ ಅದೇ ಸಾಲಿನದು. ಕರ್ತೃ ‘ನಾನು’ ಆಗಲೇಬೇಕೆಂದರೆ ಹಂತ 2ರ ‘ತೃಪ್ತ’ ಹಿಡಿದು ‘ನಾನು ತೃಪ್ತನಾದೆ’ ಎನ್ನಿ, ಅಥವಾ ‘ತೃಪ್ತಿಪಟ್ಟೆ’ ಎನ್ನಿ.

ಇನ್ನು ಯಾವುದರಿಂದ ಎಂಬ ಮಾತು. ಇಲ್ಲಿ ಮೂರು ದಾರಿ ತೆರೆದಿವೆ, ಒಂದು ಮುಚ್ಚಿದೆ.

‘ನಿಮ್ಮ ಉತ್ತರದಿಂದ ತೃಪ್ತಿಯಾಯಿತು.’ ಒಂದು ಸಂಗತಿ ನಡೆಯಿತು, ಅದರಿಂದ ಈ ಭಾವನೆ ಬಂತು.

‘ಈ ಕೆಲಸದಲ್ಲಿ ನನಗೆ ತೃಪ್ತಿಯಿದೆ.’ ಒಳಗಿದ್ದುಕೊಂಡೇ, ಮಾಡುತ್ತಲೇ ಸಿಗುವುದು. ‘ಇದ್ದುದರಲ್ಲಿ ತೃಪ್ತಿ’ ಎಂಬ ನುಡಿಯೂ ಹೀಗೆಯೇ ಕಟ್ಟಿದ್ದು.

‘ಮಗಳ ಓದಿನ ಬಗ್ಗೆ ತೃಪ್ತಿಯಿದೆ.’ ಸ್ವಲ್ಪ ದೂರ ನಿಂತು ನೋಡಿ ಕೊಟ್ಟ ತೀರ್ಪು.

ಮುಚ್ಚಿದ ದಾರಿ ‘ಒಂದಿಗೆ’, ‘ಜೊತೆಗೆ’. ‘ನಿಮ್ಮ ಸೇವೆಯೊಂದಿಗೆ ತೃಪ್ತನಾಗಿದ್ದೇನೆ’ ಎಂಬುದು ಇಂಗ್ಲಿಷ್ ವಾಕ್ಯಕ್ಕೆ ಕನ್ನಡದ ಅಂಗಿ ತೊಡಿಸಿದ್ದು. ಕನ್ನಡದಲ್ಲಿ ‘ಒಂದಿಗೆ’ ಎಂದರೆ ಕೂಡಿ, ಜೊತೆಗೂಡಿ. ನೀವೂ ಸೇವೆಯೂ ಕೂಡಿ ತೃಪ್ತರಾದಿರಿ ಎಂದಾಗುತ್ತದೆ! ಆಪ್‌ಗಳ ಕನ್ನಡದಲ್ಲಿ ಬಹಳ ಸಿಗುವ ತಪ್ಪು ಇದು. ‘ತೃಪ್ತ’ ಎಂಬುದರ ಹಿಂದೆಮುಂದೆ ‘ಒಂದಿಗೆ’ ಕಂಡರೆ ಯೋಚಿಸದೆ ಹೊಡೆದು ಹಾಕಿ.

ಹಂತ 4: ಕ್ರಿಯಾಪದ ಆರಿಸುವುದು

ನನ್ನ ಪ್ರಕಾರ ಎಲ್ಲಕ್ಕಿಂತ ಜಾಸ್ತಿ ಜನ ಎಡವುವುದು ಇಲ್ಲಿ. ಒಂದು ಅಕ್ಷರ ಬದಲಾದರೆ ಹೊಗಳಿಕೆ ಅನುಕಂಪವಾಗುತ್ತದೆ.

‘ತೃಪ್ತಿಯಾಯಿತು’ ಎಂದರೆ ಒಂದು ಹೊತ್ತಿನಲ್ಲಿ ಆದದ್ದು. ‘ತೃಪ್ತಿಯಿದೆ’ ಎಂದರೆ ಈಗಲೂ ಉಳಿದಿರುವುದು. ನಿನ್ನೆಯ ಊಟಕ್ಕೆ ‘ತೃಪ್ತಿಯಿದೆ’ ಎನ್ನುವುದಿಲ್ಲ. ಕೈ ಹಿಡಿದ ವೃತ್ತಿಗೆ ‘ತೃಪ್ತಿಯಾಯಿತು’ ಎಂದರೆ ರಾಜೀನಾಮೆ ಕೊಟ್ಟಂತೆ ಕೇಳುತ್ತದೆ.

‘ತೃಪ್ತಿಪಡು’ ಎಂದರೆ ಮನಸ್ಸಿಟ್ಟು ತೃಪ್ತಿ ಹೊಂದುವುದು. ಅದಕ್ಕೆ ‘ಕೊಳ್ಳು’ ಸೇರಿ ‘ತೃಪ್ತಿಪಟ್ಟುಕೊಳ್ಳು’ ಆದಾಗ ದಿಕ್ಕೇ ಬದಲಾಗುತ್ತದೆ. ಬೇಕಾಗಿದ್ದು ಸಿಗಲಿಲ್ಲ, ಸಿಕ್ಕಿದ್ದರಲ್ಲೇ ಮನಸ್ಸನ್ನು ಒಪ್ಪಿಸಿಕೊಂಡದ್ದು. ಪತ್ರಿಕೆಗಳ ಕ್ರೀಡಾ ಪುಟದಲ್ಲಿ ಇದು ದಿನನಿತ್ಯದ ಮಾತು. ನೀರಜ್ ಚೋಪ್ರಾ ಟೋಕಿಯೊ ಒಲಿಂಪಿಕ್ಸ್‌ನಲ್ಲಿ 87.58 ಮೀಟರ್ ಜಾವೆಲಿನ್ ಎಸೆದು ಚಿನ್ನ ಗೆದ್ದರು. 2024ರಲ್ಲಿ ಪ್ಯಾರಿಸ್‌ನಲ್ಲಿ ಅದಕ್ಕಿಂತ ದೂರ, 89.45 ಮೀಟರ್ ಎಸೆದರು. ಪಾಕಿಸ್ತಾನದ ಅರ್ಷದ್ ನದೀಮ್ 92.97 ಮೀಟರ್ ಎಸೆದದ್ದರಿಂದ ನೀರಜ್‌ಗೆ ಬೆಳ್ಳಿ ಬಂತು. ಇಂಥ ಕಡೆ ನಮ್ಮವರು ಬರೆಯುವ ವಾಕ್ಯ ‘ಬೆಳ್ಳಿಗೆ ತೃಪ್ತಿಪಟ್ಟುಕೊಂಡರು’. ಆ ವಾಕ್ಯದಲ್ಲಿ ತೃಪ್ತಿ ಎಳ್ಳಷ್ಟೂ ಇಲ್ಲ. ಚಿನ್ನ ತಪ್ಪಿತು ಎಂಬುದೇ ಅದರ ಸುದ್ದಿ.

ಹಾಗಾಗಿ ‘ಗೆದ್ದ ಬೆಳ್ಳಿಯಿಂದ ಅವರಿಗೆ ತೃಪ್ತಿಯಾಗಿದೆ’ ಎಂದು ಹೇಳಬೇಕಿದ್ದರೆ ‘ಪಟ್ಟುಕೊಂಡರು’ ಬೇಡ. ಪ್ರತ್ಯಯವನ್ನೂ ನೋಡಿ. ‘ಬೆಳ್ಳಿಗೆ’ ಎಂದು ಬಂದೊಡನೆ ಓದುಗರು ಸೋಲಿನ ಸುದ್ದಿಗೆ ಸಿದ್ಧರಾಗುತ್ತಾರೆ. ಸನ್ಮಾನ ಪತ್ರ ಬರೆಯುವವರು ಇದನ್ನು ವಿಶೇಷವಾಗಿ ನೆನಪಿಡಬೇಕು. ‘ಶ್ರೀಯುತರು ಜೀವನವಿಡೀ ಶಿಕ್ಷಕ ವೃತ್ತಿಗೆ ತೃಪ್ತಿಪಟ್ಟುಕೊಂಡರು’ ಎಂದು ವೇದಿಕೆಯಲ್ಲಿ ಓದಿದರೆ ಶಾಲು ಹೊದ್ದುಕೊಂಡವರ ಮುಖ ನೋಡುವ ಹಾಗಿರುತ್ತದೆ.

‘ತೃಪ್ತಿಪಡಿಸು’ ಎಂದರೆ ಇನ್ನೊಬ್ಬರಿಗೆ ತೃಪ್ತಿ ಆಗುವಂತೆ ಮಾಡುವುದು. ಇದಕ್ಕೆ ‘ಅನ್ನು’ ಬೇಕು. ‘ಎಲ್ಲರನ್ನೂ ತೃಪ್ತಿಪಡಿಸಲು ಆಗುವುದಿಲ್ಲ’ ಸರಿ, ‘ಎಲ್ಲರಿಗೂ ತೃಪ್ತಿಪಡಿಸಲು’ ತಪ್ಪು. ಈ ಪದಕ್ಕೆ ಸ್ವಲ್ಪ ಓಲೈಕೆಯ ಬಣ್ಣವೂ ಇದೆ. ‘ಮೇಲಧಿಕಾರಿಗಳನ್ನು ತೃಪ್ತಿಪಡಿಸಲು ಹೀಗೆ ಮಾಡಿದ’ ಎಂದರೆ ಯಾರೂ ಒಳ್ಳೆಯ ಅರ್ಥದಲ್ಲಿ ತೆಗೆದುಕೊಳ್ಳುವುದಿಲ್ಲ.

ಅನುವಾದಕರಿಗೆ ಒಂದು ಮಾತು. ಷರತ್ತುಗಳನ್ನು ‘ತೃಪ್ತಿಪಡಿಸು’ವುದಿಲ್ಲ, ಪೂರೈಸುತ್ತೇವೆ. ಕುತೂಹಲವನ್ನು ತಣಿಸುತ್ತೇವೆ. ಬೇಡಿಕೆಯನ್ನು ಈಡೇರಿಸುತ್ತೇವೆ. ಸಮೀಕರಣವನ್ನು ತೃಪ್ತಿಪಡಿಸುವ ಬೆಲೆ ಎಂದು ಗಣಿತದ ಪಾಠದಲ್ಲಿ ಓದಿದವರು ಅದನ್ನು ಗಣಿತದ ಒಳಗೇ ಬಿಟ್ಟುಬರುವುದು ಒಳ್ಳೆಯದು.

ಹಂತ 5: ಎಷ್ಟು ತೃಪ್ತಿ?

‘ಪೂರ್ತಿ ತೃಪ್ತಿ’ ಎಂದು ಹೇಳಬೇಕಾದಾಗ ಜನ ಪದಗಳನ್ನು ಒಂದರ ಮೇಲೊಂದು ಪೇರಿಸುತ್ತಾರೆ. ಸಂಪೂರ್ಣ ಸಂತೃಪ್ತಿ, ಪರಿಪೂರ್ಣ ಸಂತೃಪ್ತಿ. ಸಂತೃಪ್ತಿಯ ‘ಸಂ’ ಎಂಬುದೇ ಚೆನ್ನಾಗಿ, ಪೂರ್ತಿಯಾಗಿ ಎಂದು ಹೇಳುತ್ತದೆ. ಅದರ ಮೇಲೆ ಇನ್ನೊಂದು ‘ಸಂಪೂರ್ಣ’ ಬೇಕಿಲ್ಲ. ‘ಪೂರ್ತಿ ತೃಪ್ತಿ’ ಅಥವಾ ‘ಸಂತೃಪ್ತಿ’, ಎರಡರಲ್ಲಿ ಒಂದು ಸಾಕು. ಬಳಕೆಯಲ್ಲಿ ಸಂತೃಪ್ತಿ ಒಂದು ಊಟಕ್ಕಿಂತ ಒಂದು ಬದುಕಿಗೆ, ಒಂದು ಸಂಸಾರಕ್ಕೆ ಚೆನ್ನಾಗಿ ಒಪ್ಪುತ್ತದೆ. ಮಸಾಲೆ ದೋಸೆಗೆ ಸಂತೃಪ್ತಿ ಭಾರ ಹೆಚ್ಚಾಯಿತು.

ಇದಕ್ಕಿಂತ ದೊಡ್ಡ ತಪ್ಪು, ಪೂರ್ತಿ ತೃಪ್ತಿಗೆ ‘ತೃಪ್ತಿಕರ’ ಬರೆಯುವುದು. ಕಚೇರಿ ಕನ್ನಡದಲ್ಲಿ ಈ ಪದ ಸವೆದುಹೋಗಿದೆ. ಮಕ್ಕಳ ಪ್ರಗತಿ ಪತ್ರದಲ್ಲಿ ‘ತೃಪ್ತಿಕರ’ ಎಂದು ಕಂಡರೆ ತಂದೆತಾಯಿ ಸಿಹಿ ಹಂಚುವುದಿಲ್ಲ. ‘ಉತ್ತಮ’ದ ಕೆಳಗೆ ಎಲ್ಲೋ ಇದೆ, ಸದ್ಯ ಫೇಲ್ ಇಲ್ಲ ಎಂದುಕೊಳ್ಳುತ್ತಾರೆ. ‘ಮಳೆ ತೃಪ್ತಿಕರವಾಗಿದೆ’ ಎಂದರೂ ಬಿತ್ತನೆಗೆ ಸಾಕಾಗುವಷ್ಟು ಎಂದಷ್ಟೇ. ಹಾಗಾಗಿ ನಿಜವಾಗಿ ಮೆಚ್ಚಿದ್ದಕ್ಕೆ ‘ತೃಪ್ತಿಕರವಾಗಿತ್ತು’ ಎಂದು ಬರೆದರೆ ಎದುರಿನವರು ಏನೋ ಕೊರತೆಯಾಗಿದೆ ಎಂದು ತಿಳಿಯುತ್ತಾರೆ.

ಸಮೀಕ್ಷೆಯ ಫಾರ್ಮ್ ಕನ್ನಡಕ್ಕೆ ತರುವವರಿಗೆ ಐದು ಮೆಟ್ಟಿಲುಗಳು ಬೇಕಾಗುತ್ತವೆ. ‘ಅತ್ಯಂತ ತೃಪ್ತ’ದಿಂದ ‘ಅತ್ಯಂತ ಅತೃಪ್ತ’ದವರೆಗೆ ಬರೆದಿಡುತ್ತಾರೆ. ಫೋನಿನಲ್ಲಿ ಓದಿ ಹೇಳಿದರೆ ಎರಡೂ ಒಂದೇ ಥರ ಕೇಳುತ್ತವೆ. ಒಂದು ‘ಅ’ ನುಂಗಿಹೋದರೆ ಉತ್ತರ ಉಲ್ಟಾ. ಇದರ ಬದಲು ಹೀಗೆ ಇಡಿ: ಪೂರ್ತಿ ತೃಪ್ತಿಯಿದೆ, ತಕ್ಕಮಟ್ಟಿಗೆ ತೃಪ್ತಿಯಿದೆ, ಹೀಗೂ ಇಲ್ಲ ಹಾಗೂ ಇಲ್ಲ, ಅಷ್ಟಾಗಿ ತೃಪ್ತಿಯಿಲ್ಲ, ಸ್ವಲ್ಪವೂ ತೃಪ್ತಿಯಿಲ್ಲ. ಕೇಳಿದವರು ಗಂಡಸಾಗಲಿ ಹೆಂಗಸಾಗಲಿ, ಓದಿದವರಾಗಲಿ ಓದದವರಾಗಲಿ, ಮೊದಲ ಸಲಕ್ಕೇ ಅರ್ಥವಾಗುತ್ತದೆ.

ಹಂತ 6: ತೃಪ್ತಿ ಇಲ್ಲ ಎನ್ನುವುದು

‘ತೃಪ್ತಿಯಾಗಲಿಲ್ಲ’ ಮತ್ತು ‘ಅತೃಪ್ತಿ’ ಒಂದೇ ಎಂದುಕೊಂಡರೆ ಕೆಟ್ಟಿತು. ಮೊದಲನೆಯದು ಕಡಿಮೆ ಬಿತ್ತು ಎಂಬ ಸರಳ ಮಾತು. ‘ಊಟ ತೃಪ್ತಿಯಾಗಲಿಲ್ಲ’ ಎಂದವರು ಇನ್ನೊಂದು ಸೌಟು ಅನ್ನಕ್ಕೆ ಕಾಯುತ್ತಿರಬಹುದು. ‘ಅತೃಪ್ತಿ’ ಹಾಗಲ್ಲ, ಅದು ಒಳಗೊಳಗೇ ಕುದಿಯುವುದು. ‘ಅತೃಪ್ತ’ ಎಂದರಂತೂ ಮುಂದೇನೋ ಮಾಡಲಿದ್ದಾರೆ ಎಂಬ ಸೂಚನೆ. 2019ರ ಬೇಸಿಗೆ ಮುಗಿದ ಮೇಲೆ ಕರ್ನಾಟಕದ ಟಿ.ವಿ.ಗಳಲ್ಲಿ ದಿನವಿಡೀ ಕೇಳಿದ ‘ಅತೃಪ್ತ ಶಾಸಕರು’ ನೆನಪಿದೆಯಲ್ಲ? ಜುಲೈ 23ರಂದು ವಿಧಾನಸಭೆಯಲ್ಲಿ ವಿಶ್ವಾಸಮತದ ಪರ 99, ವಿರುದ್ಧ 105 ಮತ ಬಿದ್ದು ಎಚ್.ಡಿ. ಕುಮಾರಸ್ವಾಮಿ ಸರ್ಕಾರ ಉರುಳಿತು. ಅದಾದ ಮೇಲೆ ‘ಅತೃಪ್ತ’ ಎಂದರೆ ರೆಸಾರ್ಟು, ರಾಜೀನಾಮೆ ನೆನಪಾಗುವ ಹಾಗಾಗಿದೆ. ಅದಲ್ಲದೆ ದೆವ್ವದ ಕಥೆಗಳ ‘ಅತೃಪ್ತ ಆತ್ಮ’ ಬೇರೆ ಇದೆ.

ಹಾಗಾಗಿ ‘ನಿಮ್ಮ ಅಪಾರ್ಟ್‌ಮೆಂಟಿನ ನೀರಿನ ವ್ಯವಸ್ಥೆ ಬಗ್ಗೆ ನಾನು ಅತೃಪ್ತನು’ ಎಂದು ಬರೆಯಬೇಡಿ. ‘ನೀರಿನ ವ್ಯವಸ್ಥೆ ಸಾಲುತ್ತಿಲ್ಲ’ ಎಂದರೆ ಕೆಲಸವಾಗುತ್ತದೆ. ಭಾವನೆಯನ್ನೇ ಹೇಳಬೇಕಿದ್ದರೆ ‘ಅಸಮಾಧಾನ’ ಇದೆ. ದೂರಿನ ಪತ್ರಕ್ಕೆ ಅದೇ ಸರಿಯಾದ ತೂಕದ್ದು.

ಮಾಹಿತಿ ಹಕ್ಕಿನ ಅರ್ಜಿದಾರರಿಗೆ ಇಲ್ಲಿ ಸ್ವಲ್ಪ ನಿಲ್ಲಲು ಹೇಳುತ್ತೇನೆ. 2005ರ ಕಾಯ್ದೆಯ 19(1)ನೇ ಕಲಮಿನಡಿ ಮೊದಲ ಮೇಲ್ಮನವಿಗೆ 30 ದಿನಗಳ ಅವಕಾಶವಿದೆ. ಬಹಳ ಜನ ಆ ಮೇಲ್ಮನವಿಯಲ್ಲಿ ಬರೆಯುವುದು ಒಂದೇ ಸಾಲು: ‘ಕೊಟ್ಟ ಮಾಹಿತಿ ತೃಪ್ತಿಕರವಾಗಿಲ್ಲ.’ ವಾಕ್ಯದಲ್ಲಿ ತಪ್ಪಿಲ್ಲ. ಆದರೆ ಓದುವ ಅಧಿಕಾರಿಗೆ ಅದರಿಂದ ಏನೂ ತಿಳಿಯುವುದಿಲ್ಲ. ಯಾವುದು ತುಂಬಲಿಲ್ಲ ಎಂಬ ಹಂತ 1ರ ಪ್ರಶ್ನೆ ಇಲ್ಲಿಯೂ ಬರುತ್ತದೆ. ‘ನಾನು ಕೇಳಿದ್ದು ಐದು ಅಂಶ. ಮೂರಕ್ಕೆ ಉತ್ತರ ಬಂದಿದೆ. ಎರಡನೆಯ ಮತ್ತು ನಾಲ್ಕನೆಯ ಅಂಶಕ್ಕೆ ಉತ್ತರವಿಲ್ಲ, ಕಾರಣವನ್ನೂ ಕೊಟ್ಟಿಲ್ಲ’ ಎಂದು ಬರೆಯಿರಿ. ಆಮೇಲೆ ಬೇಕಿದ್ದರೆ ‘ಆದ್ದರಿಂದ ಉತ್ತರ ತೃಪ್ತಿಕರವಾಗಿಲ್ಲ’ ಎಂದು ಸೇರಿಸಿ.

ಹಂತ 7: ಅಚ್ಚಗನ್ನಡ ಪದ ಸಿಗುತ್ತದೆಯೇ ನೋಡಿ

ಇಷ್ಟು ದೂರ ಬಂದ ಮೇಲೂ ವಾಕ್ಯ ಬಿಗಿಯಾಗಿಯೇ ಇದ್ದರೆ, ತೃಪ್ತಿಯನ್ನು ಬಿಟ್ಟು ನೋಡುವುದು ಒಳ್ಳೆಯದು. ಹೊಟ್ಟೆ ತುಂಬಾ ಉಂಡೆ. ಕಣ್ತುಂಬಾ ನೋಡಿದೆ. ಬಾಯ್ತುಂಬಾ ಹೊಗಳಿದರು. ಮನಸಾರೆ ಹರಸಿದರು. ಯಾವುದು ತುಂಬಿತು ಎಂಬುದನ್ನು ಇವು ಅಂಗಾಂಗದ ಹೆಸರು ಹಿಡಿದೇ ಹೇಳುತ್ತವೆ. ಧಾರವಾಡದ ಕಡೆಯವರು ‘ಹೊಟ್ಟಿ ತುಂಬಿತ್ರಿ’ ಎಂದರೆ ಊಟಕ್ಕೂ ಆಯಿತು, ಒಳ್ಳೆಯ ಮಾತಿಗೂ ಆಯಿತು.

‘ತಣಿ’ ಎಂಬ ಕ್ರಿಯಾಪದ ಇದರಲ್ಲಿ ಬಲು ಚೆಂದದ್ದು. ತಣ್ಣಗಾಗು ಎಂಬ ಅರ್ಥವೂ ಇದೆ, ತೃಪ್ತಿಯಾಗು ಎಂಬ ಅರ್ಥವೂ ಇದೆ. ದಾಹ ತಣಿಯಿತು, ಕೋಪ ತಣಿಯಿತು, ಕುತೂಹಲ ತಣಿಯಿತು, ಎಲ್ಲವೂ ನಡೆಯುತ್ತವೆ. ಬೇಸಿಗೆಯ ನಾಡಿನವರಿಗೆ ತಂಪಾಗುವುದೇ ತೃಪ್ತಿ ಎಂದು ಅನ್ನಿಸಿದ್ದರಲ್ಲಿ ಆಶ್ಚರ್ಯವಿಲ್ಲ.

ಇಲ್ಲಿಯ ಬಲೆ ‘ಮನದಣಿಯೆ’. ‘ಮನದಣಿಯೆ ನೋಡಿದೆ’ ಎಂದರೆ ಮನಸ್ಸು ದಣಿಯುವವರೆಗೆ, ಸುಸ್ತಾಗುವವರೆಗೆ ನೋಡಿದೆ ಎಂದು ಅನೇಕರು ತಿಳಿದಿದ್ದಾರೆ. ಹಾಗಲ್ಲ. ಅದು ಮನ + ತಣಿಯೆ. ಬೆಟ್ಟ + ತಾವರೆ ‘ಬೆಟ್ಟದಾವರೆ’ ಆಗುವ ಹಾಗೆ ‘ತ’ಕಾರ ‘ದ’ಕಾರವಾಗಿದೆ, ಶಾಲೆಯಲ್ಲಿ ಕಲಿತ ಆದೇಶ ಸಂಧಿ. ಮನಸ್ಸು ತಣಿಯುವಷ್ಟು ನೋಡಿದೆ ಎಂದು ಅರ್ಥ. ‘ದಣಿ’ ಎಂದರೆ ಸುಸ್ತಾಗು, ‘ಧಣಿ’ ಎಂದರೆ ಒಡೆಯ. ಮೂರನ್ನೂ ಬೇರೆ ಇಟ್ಟುಕೊಳ್ಳಿ. ‘ಮನಧಣಿಯೆ’ ಎಂದು ಬಾಲ ಸೀಳಿ ಬರೆದರೆ ಪದ ಸತ್ತಂತೆ.

ಒಂದು ಮಿತಿ ಹೇಳಿಬಿಡುತ್ತೇನೆ. ಬ್ಯಾಂಕಿನ ಪತ್ರದಲ್ಲಿ ‘ತಮ್ಮ ಸೇವೆಯಿಂದ ಮನ ತಣಿಯಿತು’ ಎಂದು ಬರೆಯಬೇಡಿ. ಜಾಗ ನೋಡಿ ಪದ ಹಾಕಬೇಕು. ಕಚೇರಿಗೆ ತೃಪ್ತಿ, ಮನೆಗೆ ಹೊಟ್ಟೆ ತುಂಬುವುದು, ಕವಿತೆಗೆ ತಣಿವು.

ಹಂತ 8: ದನಿ ಪರೀಕ್ಷೆ

ವಾಟ್ಸಾಪಿನಲ್ಲಿ ಕಳಿಸುವ ಮೊದಲು ಇದನ್ನು ಮರೆಯಬೇಡಿ. ‘ಊಟ ತೃಪ್ತಿಯಾಯ್ತಾ?’ ಎಂಬುದು ಉಪಚಾರ. ‘ಈಗ ತೃಪ್ತಿಯಾಯ್ತಾ?’ ಎಂಬುದು ಜಗಳ. ‘ಈಗ’ ಎಂಬ ಒಂದೇ ಪದ ಬಂದರೆ, ನೀನು ಮಾಡಬಾರದ್ದನ್ನು ಮಾಡಿ ಮುಗಿಸಿದೆ, ಇನ್ನೇನು ಬೇಕು ಎಂಬ ಚುಚ್ಚು ಸೇರುತ್ತದೆ. ಎದುರು ಕೂತು ನಗುತ್ತಾ ಕೇಳಿದರೆ ಸರಿಹೋಗಬಹುದು. ಬರಹದಲ್ಲಿ ನಗು ಕಾಣಿಸುವುದಿಲ್ಲ. ಗ್ರಾಹಕರಿಗೆ ರಿಪೇರಿ ಮುಗಿಸಿಕೊಟ್ಟು ‘ಈಗ ತೃಪ್ತಿಯಾಗಿದೆಯೇ?’ ಎಂದು ಮೆಸೇಜು ಹಾಕುವವರು ‘ಎಲ್ಲ ಸರಿಹೋಯಿತೇ?’ ಎಂದು ಬದಲಿಸಿದರೆ ಜಗಳ ತಪ್ಪುತ್ತದೆ.

ಹಂತ 9: ಕಾಗುಣಿತ ಮತ್ತು ಟೈಪಿಂಗ್

ಕೊನೆಗೆ ಇದು. ತ-ಗೆ ವಟ್ರಸುಳಿ, ಪ-ಗೆ ತ-ಒತ್ತು, ಅದಕ್ಕೆ ಗುಡಿಸು. ತೃಪ್ತಿ. ತ್ರಪ್ತಿ ಅಲ್ಲ, ತ್ರುಪ್ತಿ ಅಲ್ಲ, ತೃಪ್ಥಿ ಅಲ್ಲ. ‘ಕ್ರಷ್ಣ’, ‘ಪ್ರಕ್ರತಿ’ ಎಂದು ಬರೆಯುವ ರೂಢಿ ಇದ್ದವರು ಇಲ್ಲಿಯೂ ಅದೇ ತಪ್ಪು ಮಾಡುತ್ತಾರೆ. ವಟ್ರಸುಳಿ ಬೇರೆ, ರ-ಒತ್ತು ಬೇರೆ.

‘ನುಡಿ’ ತಂತ್ರಾಂಶದ ಕೀಲಿಮಣೆಯಲ್ಲಿ ಒತ್ತಬೇಕಾದ ಕೀಲಿಗಳು ಈ ಕ್ರಮದಲ್ಲಿ: ಟಿ, ಶಿಫ್ಟ್ ಹಿಡಿದು ಆರ್, ಪಿ, ಎಫ್, ಟಿ, ಐ. ಶಿಫ್ಟ್ ಮರೆತರೆ ‘ತರಪ್ತಿ’ ಆಗುತ್ತದೆ. ಫೋನಿನಲ್ಲಿ ಇಂಗ್ಲಿಷ್ ಅಕ್ಷರದಿಂದ ಕನ್ನಡ ಮೂಡಿಸುವವರು ಮೊದಲು ಬಂದ ಸಲಹೆಯನ್ನೇ ಒತ್ತಬೇಡಿ. ಸಾಲಿನಲ್ಲಿ ತ್ರುಪ್ತಿಯೂ ಇರಬಹುದು. ಒಮ್ಮೆ ಸರಿಯಾದದ್ದನ್ನು ಫೋನಿನ ನಿಘಂಟಿಗೆ ಸೇರಿಸಿಬಿಟ್ಟರೆ ಆಮೇಲೆ ಕಾಟವಿಲ್ಲ.

ಒಂದೇ ವಿನಾಯಿತಿ. ತೃಪ್ತಿ ಎಂಬುದು ಹೆಣ್ಣುಮಕ್ಕಳ ಹೆಸರೂ ಹೌದು. ಅವರ ಆಧಾರ್, ಅಂಕಪಟ್ಟಿಯಲ್ಲಿ ‘ತ್ರಪ್ತಿ’ ಎಂದಿದ್ದರೆ ಅರ್ಜಿಯಲ್ಲಿ ಹಾಗೆಯೇ ಬರೆಯಿರಿ. ನೀವು ವ್ಯಾಕರಣ ತಿದ್ದಿದ ಪುಣ್ಯಕ್ಕೆ ಅವರು ಹೆಸರು ಬದಲಾವಣೆಯ ಅಫಿಡವಿಟ್‌ಗೆ ಅಲೆಯುವುದು ಬೇಡ.

‘ತೃಪ್ತಿಪಡು’, ‘ತೃಪ್ತಿಪಡಿಸು’ ಇವನ್ನು ಕೂಡಿಸಿ ಬರೆಯುವುದು ಲೇಸು. ಬಿಡಿಸಿ ಬರೆಯುವವರೂ ಇದ್ದಾರೆ. ಒಂದು ಬರಹದೊಳಗೆ ಒಂದೇ ಪದ್ಧತಿ ಇರಲಿ.

ಒಂದು ಪ್ಯಾರಾ ತಿದ್ದಿ ನೋಡೋಣ

ಒಂದು ಹೋಟೆಲಿನ ಬಗ್ಗೆ ಬರೆದ ಅಭಿಪ್ರಾಯ ಹೀಗಿದೆ ಎಂದುಕೊಳ್ಳಿ: ‘ನಾನು ನಿಮ್ಮ ಸೇವೆಯೊಂದಿಗೆ ಸಂಪೂರ್ಣ ಸಂತೃಪ್ತಿಯಾಗಿದ್ದೇನೆ. ಊಟ ತೃಪ್ತಿಕರವಾಗಿತ್ತು. ನನ್ನ ಕುಟುಂಬದವರೂ ತೃಪ್ತಿಕರರಾದರು. ನಿಮ್ಮ ಸಿಬ್ಬಂದಿ ನಮಗೆ ತೃಪ್ತಿಪಡಿಸಿದರು.’

ನಾಲ್ಕು ಸಾಲು, ನಾಲ್ಕರಲ್ಲೂ ಅದೇ ಪದ. ಮೊದಲ ಸಾಲಿನಲ್ಲಿ ಮೂರು ತಪ್ಪು: ಒಂದಿಗೆ, ಸಂಪೂರ್ಣ-ಸಂ ಜೋಡಿ, ‘ತೃಪ್ತಿಯಾಗಿದ್ದೇನೆ’. ಎರಡನೆಯದರಲ್ಲಿ ವ್ಯಾಕರಣ ಸರಿ, ತೂಕ ಕಡಿಮೆ. ಹೊಗಳಲು ಹೋಗಿ ಪಾಸ್ ಮಾರ್ಕ್ ಕೊಟ್ಟಾಯಿತು. ಮೂರನೆಯದರಲ್ಲಿ ಮನುಷ್ಯರಿಗೆ ವಸ್ತುವಿನ ರೂಪ. ನಾಲ್ಕನೆಯದರಲ್ಲಿ ‘ನಮ್ಮನ್ನು’ ಇರಬೇಕಾದ ಕಡೆ ‘ನಮಗೆ’.

ಪ್ರತ್ಯಯ ತಿದ್ದಲು ಹೋಗದೆ ಹಂತ 1ಕ್ಕೆ ವಾಪಸ್ ಹೋಗಿ. ಏನು ತುಂಬಿತು? ಹೊಟ್ಟೆ. ಇನ್ನೇನು? ಮಕ್ಕಳ ಆಸೆ, ಅಮ್ಮನಿಗೆ ಬೇಕಾಗಿದ್ದ ಸಣ್ಣ ಉಪಚಾರ. ಈಗ ಬರೆಯಿರಿ: ‘ಊಟ ಹೊಟ್ಟೆ ತುಂಬಾ ಆಯಿತು, ಮನಸ್ಸಿಗೂ ತೃಪ್ತಿಯಾಯಿತು. ಮಕ್ಕಳು ಹೋಳಿಗೆ ಎರಡೆರಡು ಸಲ ಹಾಕಿಸಿಕೊಂಡರು. ಅಮ್ಮನಿಗೆ ನೆಲದ ಮೇಲೆ ಕೂರಲು ಆಗುವುದಿಲ್ಲ ಎಂದು ಕಂಡು ಬಡಿಸುವವರೇ ಕುರ್ಚಿ ತಂದು ಹಾಕಿದರು.’

ತೃಪ್ತಿ ಒಂದೇ ಸಲ ಬಂದಿದೆ. ಕೊನೆಯ ಎರಡು ಸಾಲಿನಲ್ಲಿ ಪದವೇ ಇಲ್ಲ, ಆದರೂ ಹೋಟೆಲಿನವರಿಗೆ ಯಾವುದು ಚೆನ್ನಾಗಿತ್ತು ಎಂದು ಗೊತ್ತಾಗುತ್ತದೆ. ಇದೇ ರೀತಿಯಲ್ಲಿ ನೀವು ಇತ್ತೀಚೆಗೆ ಬರೆದ ಯಾವುದಾದರೂ ಪತ್ರವನ್ನೋ ಅಭಿಪ್ರಾಯವನ್ನೋ ತೆಗೆದುಕೊಂಡು ‘ತೃಪ್ತಿ’ಯ ಕೆಳಗೆಲ್ಲ ಗೆರೆ ಎಳೆಯಿರಿ. ಒಂದು ಪುಟದಲ್ಲಿ ಎರಡಕ್ಕಿಂತ ಜಾಸ್ತಿ ಗೆರೆ ಬಿದ್ದರೆ, ಮೂರನೆಯದರಿಂದ ತಿದ್ದಲು ಶುರು ಮಾಡಿ.